ಅತ್ತೆ ಮಸೆದ ಉಳಿ

ನನ್ನ ಅತ್ತೆ ನನ್ನ ಮನೆಯಲ್ಲೇ ಇದ್ದುಕೊಂಡು, ನನ್ನ ಎದುರಿಗೇ ಕೂತು, ದಿನಾ ಕತ್ತಿ ಮಸೆಯುತ್ತಾರೆ. ಹೀಗೆಂದ ಕೂಡಲೇ ನೀವು ನನ್ನನ್ನು ಕನಿಕರದಿಂದ ನೋಡಬೇಕಾಗಿಲ್ಲ. ಬೇರೆ ಅತ್ತೆಯರು ಅಳಿಯನ ಮೇಲೆ ಕತ್ತಿ ಮಸೆಯುವುದು ಮನಸ್ಸಿನಲ್ಲಿ, ನಮ್ಮ ಅತ್ತೆ ಮಸೆಯುವುದು ಕಲ್ಲಿನ ಮೇಲೆ. ನೆಲಕ್ಕೆ ಹಳೆಯ ಟವೆಲ್ ಹಾಸಿ, ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತರೆಂದರೆ ಎರಡು ತಾಸು ಅಲುಗಾಡುವುದಿಲ್ಲ. ಕತ್ತಿ, ಕತ್ತರಿ, ಈಳಿಗೆ, ಕೊಬ್ಬರಿ ತುರಿಯುವ ಮಣೆ, ನನ್ನ ಹೆಂಡತಿಯ ಹುಬ್ಬು ಕೀಳುವ ಚಿಮಟ ಎಲ್ಲವೂ ಅವರ ಕೈಯಲ್ಲಿ ಹಾದುಹೋಗಿವೆ. ಮೊಂಡಾದದ್ದು ಎಂದು ನಮ್ಮ ಮನೆಯಲ್ಲಿ ಈಗ ಉಳಿದಿರುವುದು ನಾನೊಬ್ಬನೇ.

ಹಾಗೆಂದು ಅವರು ಕಮ್ಮಾರರ ಮನೆಯವರಲ್ಲ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಮೂವತ್ತೈದು ವರ್ಷ ನರ್ಸ್ ಆಗಿದ್ದವರು. ಅವರು ಕೆಲಸಕ್ಕೆ ಸೇರಿದಾಗ ಒಮ್ಮೆ ಚುಚ್ಚಿ ಎಸೆಯುವ ಸೂಜಿಗಳಿನ್ನೂ ಬಂದಿರಲಿಲ್ಲ. ಒಂದೇ ಸೂಜಿಯನ್ನು ಕುದಿಸಿ ಕುದಿಸಿ ಎಷ್ಟೋ ಜನರಿಗೆ ಚುಚ್ಚಬೇಕಿತ್ತು. ಚುಚ್ಚಿ ಚುಚ್ಚಿ ಅದು ಮೊಂಡಾದರೆ ನರ್ಸ್‌ಗಳೇ ಸಣ್ಣ ಕಲ್ಲಿನ ಮೇಲೆ ಮಸೆದು, ಅದರ ತುದಿಯನ್ನು ಹತ್ತಿಯ ಮೇಲೆ ಎಳೆದು ನೋಡುತ್ತಿದ್ದರಂತೆ. ಹತ್ತಿಯ ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಕಲ್ಲಿಗೆ.

"ಮೊಂಡ ಸೂಜಿ ಅಂದ್ರ ಪಾಪ ಅಳಿಯಾರ," ಎನ್ನುತ್ತಾರೆ ಅತ್ತೆ. "ಆಳಸಿತನ ನರ್ಸಂದು, ನೋವು ಪೇಶಂಟಂದು."

ಮಾವ ತೀರಿಕೊಂಡ ಮೇಲೆ, ಮೂರು ವರ್ಷದ ಹಿಂದೆ, ಮುಂಬಯಿಯ ವಡಾಲದ ನಮ್ಮ ಎರಡು ಕೋಣೆಯ ಮನೆಗೆ ಬಂದರು. ಮಗಳ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವುದು ಅವರ ಜಾಯಮಾನಕ್ಕೆ ಒಗ್ಗದ ಕೆಲಸ. ಬಂದ ವಾರದಲ್ಲೇ ನಮ್ಮ ಅಡುಗೆಮನೆಯ ಚಾಕುಗಳನ್ನು ಮಸೆದು ಮುಗಿಸಿ, ಬಿಲ್ಡಿಂಗಿನ ಉಳಿದ ಮನೆಗಳ ಚಾಕುಗಳನ್ನೂ ತರಿಸಿಕೊಂಡರು. ಮೊಂಡು ಚಾಕುವಿಗೆ ಒಗ್ಗಿಹೋಗಿದ್ದ ಹೆಂಗಸರು ಅದೇ ಹಳೆಯ ಜೋರಿನಲ್ಲಿ ಟೊಮೆಟೊ ಮೇಲೆ ಚಾಕು ಒತ್ತಿದರು. ಆ ವಾರ ಮೂರನೆಯ ಮಹಡಿಯಿಂದ ಇಬ್ಬರು, ನೆಲಮಹಡಿಯಿಂದ ಒಬ್ಬರು ಬೆರಳು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಅತ್ತೆ ಒಬ್ಬೊಬ್ಬರನ್ನೂ ಕೂರಿಸಿ, ಗಾಯ ತೊಳೆದು, ಪಟ್ಟಿ ಕಟ್ಟಿ ಕಳಿಸಿದರು. ಗಾಯವೂ ಅವರದೇ, ಪಟ್ಟಿಯೂ ಅವರದೇ. ಇಷ್ಟು ಪರಿಪೂರ್ಣ ಸೇವೆ ಮುಂಬಯಿಯಲ್ಲಿ ಬೇರೆಲ್ಲಿ ಸಿಕ್ಕೀತು?

ಆದರೆ ಇದೆಲ್ಲ ಪೀಠಿಕೆ. ನಾನು ಹೇಳಬೇಕೆಂದಿರುವುದು ಉಳಿಯ ಕಥೆ.

ಕಳೆದ ಮಳೆಗಾಲದಲ್ಲಿ ನಮ್ಮ ಬಚ್ಚಲಿನ ಬಾಗಿಲು ನೀರು ಕುಡಿದು ಉಬ್ಬಿ, ಒಳಗೆ ಹೋದವರು ಹೊರಗೆ ಬರಲು ಇನ್ನೊಬ್ಬರ ಸಹಾಯ ಬೇಕಾಗುವ ಸ್ಥಿತಿಗೆ ಬಂತು. ಬಡಗಿ ದಸ್ತಗೀರ್ ಸಾಬರನ್ನು ಕರೆಸಿದೆವು. ವಿಜಯಪುರದ ಕಡೆಯವರು. ಮುಂಬಯಿಗೆ ಬಂದು ಮೂವತ್ತು ವರ್ಷವಾಗಿದ್ದರೂ ಕನ್ನಡದವರು ಸಿಕ್ಕರೆ ಅರ್ಧ ಗಂಟೆ ಹೆಚ್ಚಿಗೆ ನಿಲ್ಲುವ ಮನುಷ್ಯ. ಕರೆಂಟಿನ ಮಶೀನು ಹಚ್ಚಿ ಬಾಗಿಲನ್ನು ಹತ್ತು ನಿಮಿಷದಲ್ಲಿ ಕೆರೆದರು. ಆಮೇಲೆ ಬಣ್ಣ ಹಚ್ಚಲೆಂದು ಡಬ್ಬಿ ತೆಗೆದು, ಚೀಲದ ತಳದಿಂದ ತುಕ್ಕು ಹಿಡಿದ ಒಂದು ಅಗಲವಾದ ಉಳಿಯನ್ನು ಎಳೆದು, ಅದರ ಬಾಯಿಂದ ಡಬ್ಬಿಯ ಮುಚ್ಚಳ ಮೀಟಿದರು. ಆ ಸದ್ದಿಗೆ ಒಳಗೆ ಮಲಗಿದ್ದ ಅತ್ತೆ ಎದ್ದು ಬಂದರು.

"ಸಾಬ್ರ, ಏನದು ಕೈಯಾಗ?"

"ಉಳಿ ರೀ ಬಾಯಾರ. ಹಳೇದು. ಡಬ್ಬಿ ತಗ್ಯಾಕ ಛಲೋ ಆಕ್ಕೈತಿ."

"ಇಲ್ಲಿ ಕೊಡ್ರಿ."

ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನಾಡಿ ನೋಡುವವರ ಹಾಗೆ ಹೆಬ್ಬೆರಳನ್ನು ನಿಧಾನವಾಗಿ ಓಡಿಸಿದರು. ಮೈತುಂಬ ತುಕ್ಕು, ಬಾಯಿಯ ಅಂಚು ಇಲಿ ಕಡಿದ ರೊಟ್ಟಿಯ ಹಾಗೆ. ಮರದ ಹಿಡಿಯ ತಲೆ ಸುತ್ತಿಗೆಯ ಏಟು ತಿಂದು ತಿಂದು ಸೀಳಿತ್ತು. ಆದರೆ ಹಿಡಿಯ ಒಂದು ಬದಿಯಲ್ಲಿ ಯಾರದೋ ಹೆಬ್ಬೆರಳು ವರ್ಷಗಟ್ಟಲೆ ಕೂತು ಸವೆಸಿದ ತಗ್ಗು ಇತ್ತು. ಅತ್ತೆಯ ಹೆಬ್ಬೆರಳು ಅಲ್ಲಿಗೆ ಬಂದು ನಿಂತಿತು.

"ಯಾರ್ದು ಇದು?"

"ನಮ್ಮ ಅಬ್ಬಾಂದು ರೀ. ಇಲ್ಲೇ ಬಂದರದಾಗ ದೋಣಿ ರಿಪೇರಿ ಮಾಡತಿದ್ರು. ಅವರಿಗೆ ಅವರ ಉಸ್ತಾದ ಕೊಟ್ಟದ್ದಂತ. ವಿಲಾಯತಿ ಉಕ್ಕು."

"ಅಪ್ಪನ ಉಳೀಲೆ ಮುಚ್ಚಳ ತಗೀತೀರಿ?"

ದಸ್ತಗೀರ್ ಸಾಬರಿಗೆ ನಾಚಿಕೆಯಾಯಿತು. "ಅದು ಸತ್ತೈತ್ರೀ ಬಾಯಾರ. ಜಂಗ್ ತಿಂದು ಹೋಗೇತಿ. ಈಗ ಎಲ್ಲಾ ಮಶೀನು, ಎಲ್ಲಾ ಪ್ಲೈವುಡ್. ಉಳಿ ಯಾರಿಗೆ ಬೇಕು?"

"ಸತ್ತದ್ದು ಬದುಕಿದ್ದು ಹೇಳಾಕ ನೀವೇನು ಡಾಕ್ಟರಾ? ಬಿಟ್ಟು ಹೋಗ್ರಿ. ಒಂದು ತಿಂಗಳ ಬಿಟ್ಟು ಬರ್ರಿ."

ಹೀಗೆ ಉಳಿ ನಮ್ಮ ಮನೆಯಲ್ಲಿ ಅಡ್ಮಿಟ್ ಆಯಿತು.

ಮೊದಲ ಚಿಕಿತ್ಸೆ ಹುಣಸೆಹುಳಿ. ತುಕ್ಕು ಬಿಡಿಸಲು ಅದಕ್ಕಿಂತ ಒಳ್ಳೆಯದಿಲ್ಲ ಎಂದು ದಪ್ಪ ಹುಳಿ ಕಿವುಚಿ, ಸ್ಟೀಲಿನ ಪಾತ್ರೆಯಲ್ಲಿ ಉಳಿಯನ್ನು ಮುಳುಗಿಸಿ, ಮುಚ್ಚಳ ಹಾಕಿ ಅಡುಗೆಕಟ್ಟೆಯ ಮೂಲೆಯಲ್ಲಿಟ್ಟರು. ಮರುದಿನ ಬೆಳಿಗ್ಗೆ ಉಳಿಯನ್ನು ತೆಗೆದು ಬಚ್ಚಲಿಗೆ ತೊಳೆಯಲು ಹೋದರು. ಪಾತ್ರೆ ಅಲ್ಲೇ ಉಳಿಯಿತು. ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದ ನನ್ನ ಹೆಂಡತಿ, ಅವ್ವ ಎಷ್ಟು ಒಳ್ಳೆಯವಳು, ಹುಳಿ ಕಿವುಚಿಟ್ಟಿದ್ದಾಳೆ ಎಂದು ಸಂತೋಷಪಟ್ಟು ಸಾರು ಮಾಡಿದಳು. ಸಾರು ಕಾಡಿಗೆಯ ಬಣ್ಣಕ್ಕೆ ತಿರುಗಿತ್ತು. ಒಂದು ಚಮಚ ಬಾಯಿಗಿಟ್ಟೆ. ರೈಲಿನ ಕಿಟಕಿಯ ಸರಳು ನೆಕ್ಕಿದಂತಾಯಿತು.

"ಅತ್ತೀ, ಇದು ಉಳಿಯ ನೀರು," ಎಂದೆ.

"ಅಯ್ಯ, ಚೆಲ್ರಿ ಚೆಲ್ರಿ," ಎಂದವರು, ನಾನು ಚೆಲ್ಲಲು ಹೊರಟಾಗ ಇಣುಕಿ ನೋಡಿ ಸಮಾಧಾನದಿಂದ ಹೇಳಿದರು, "ಆದ್ರ ನೋಡ್ರಿ, ತುಕ್ಕು ಎಷ್ಟು ಚಂದ ಬಿಟ್ಟೈತಿ."

ಎರಡನೆಯ ಚಿಕಿತ್ಸೆಗೆ ಗಾಜು ಬೇಕಾಯಿತು. ಉಳಿಯ ಬೆನ್ನು ಕನ್ನಡಿಯಷ್ಟು ಸಮತಟ್ಟಾಗದೆ ಬಾಯಿ ಎಷ್ಟು ಮಸೆದರೂ ವ್ಯರ್ಥ. ಮರ ಉಜ್ಜುವ ಪಾಲಿಶ್ ಪೇಪರನ್ನು ಸಮತಟ್ಟಾದ ಗಾಜಿನ ಮೇಲೆ ಅಂಟಿಸಿ, ಅದರ ಮೇಲೆ ಬೆನ್ನನ್ನು ತಿಕ್ಕಬೇಕು. ಆ ಸಂಜೆ ನಾನು ಆಫೀಸಿನಿಂದ ಬಂದಾಗ ಗೋಡೆಯ ಮೇಲೆ ನನ್ನ ಬಿ.ಕಾಂ. ಪದವಿಪತ್ರ ಗಾಜಿಲ್ಲದೆ ಬೋಳಾಗಿ ನಿಂತಿತ್ತು.

"ಅತ್ತೀ, ನನ್ನ ಡಿಗ್ರಿ?"

"ಅಲ್ಲೇ ಐತಲ್ಲ, ಎಲ್ಲಿ ಓಡಿ ಹೋಗತೈತಿ? ನಿಮ್ಮ ಡಿಗ್ರೀಗಿಂತ ಈಗ ನನಗ ಇಪ್ಪತ್ತೈದು ಡಿಗ್ರಿ ದೊಡ್ಡದು."

ಉಳಿಯ ಬಾಯಿಯನ್ನು ಇಪ್ಪತ್ತೈದು ಡಿಗ್ರಿಯ ಓರೆಯಲ್ಲಿ ಹಿಡಿದು ಮಸೆಯಬೇಕಂತೆ. ಅದನ್ನು ಅಳೆಯಲು ಬಡಗಿಗಳು ಏನೇನೋ ಸಾಧನ ಇಟ್ಟುಕೊಳ್ಳುತ್ತಾರೆ. ಅತ್ತೆಗೆ ಯಾವುದೂ ಬೇಡ. "ನರಕ್ಕ ಸೂಜಿ ಚುಚ್ಚೂ ಓರೆ ಅದು. ಮೂವತ್ತೈದು ವರ್ಷ ಚುಚ್ಚೀನಿ. ತಲಿ ಮರತರೂ ಕೈ ಮರಿಯೂದಿಲ್ಲ." ನಾನು ನಂಬದೆ ಒಂದು ದಿನ ಶಾಲೆಯ ಕೋನಮಾಪಕ ತಂದು ಹಿಡಿದೆ. ಇಪ್ಪತ್ತೈದು. ಗೆರೆಯ ಮೇಲೆ ಗೆರೆ. ಕೋನಮಾಪಕವನ್ನು ನಾಚಿಕೆಯಿಂದ ಜೇಬಿಗೆ ಹಾಕಿಕೊಂಡೆ.

ಇನ್ನೊಂದು ಚಮತ್ಕಾರ. ಪಾಲಿಶ್ ಪೇಪರಿನಲ್ಲಿ ಒರಟಿನಿಂದ ನುಣುಪಿನವರೆಗೆ ಹತ್ತಾರು ನಂಬರುಗಳಿರುತ್ತವೆ, ಹಿಂಬದಿಯಲ್ಲಿ ಸಣ್ಣಗೆ ಅಚ್ಚಾಗಿರುತ್ತವೆ. ಅತ್ತೆ ಅದನ್ನು ತಿರುಗಿಸಿ ನೋಡುವುದೇ ಇಲ್ಲ. ಪೇಪರನ್ನು ಕೆನ್ನೆಗೆ ಒಮ್ಮೆ ಮೆಲ್ಲಗೆ ಸವರಿ, "ಇದು ನಾನೂರು," "ಇದು ಸಾವಿರ" ಎನ್ನುತ್ತಾರೆ. ಒಂದು ಸಲವೂ ತಪ್ಪಿದ್ದಿಲ್ಲ. ಬಿಲ್ಡಿಂಗಿನ ಜನರನ್ನು ಕರೆದು ನಾನೇ ಈ ಪ್ರದರ್ಶನ ಏರ್ಪಡಿಸಿದ್ದುಂಟು.

ಇನ್ನು ಪರೀಕ್ಷೆಯ ವಿಷಯ. ಉಳಿಗೆ ಸರಿಯಾದ ಹರಿತ ಬಂದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕೂದಲು ಬೋಳಿಸಬೇಕು. ಯಾರ ಕೂದಲು? ನೀವೇ ಊಹಿಸಿ. ಸಂಜೆ ಚಹಾ ಕುಡಿಯುತ್ತ ಕೂತಿದ್ದರೆ, "ಅಳಿಯಾರ, ಸ್ವಲ್ಪ ಕೈ ಕೊಡ್ರಿ," ಎನ್ನುವರು. ಎಡಗೈ ಚಾಚುತ್ತಿದ್ದೆ. ನೀರು ಸವರಿ, ಉಳಿಯನ್ನು ಚರ್ಮಕ್ಕೆ ತಾಗಿಯೂ ತಾಗದ ಹಾಗೆ ಓಡಿಸಿ, ಉದುರಿದ ಕೂದಲನ್ನು ಬೆರಳಲ್ಲಿ ತಡವಿ ನೋಡುವರು. ಒಂದು ಗೀರು ಬಿದ್ದದ್ದಿಲ್ಲ, ಅದು ಅವರ ಕೈ. ಆದರೆ ತಿಂಗಳು ಮುಗಿಯುವಷ್ಟರಲ್ಲಿ ನನ್ನ ಎಡಗೈ ಹಸುಗೂಸಿನ ಕೈಯಂತೆ ನುಣ್ಣಗಾಗಿ, ಬಲಗೈ ಮಾತ್ರ ಕರಡಿಯದಾಗಿ ಉಳಿಯಿತು.

ಫೋರ್ಟ್‌ನಲ್ಲಿ ನನ್ನ ಆಫೀಸಿನ ಕೆಳಗಿರುವ ಉಡುಪಿ ಹೋಟೆಲಿನಲ್ಲಿ ಒಂದು ಮಧ್ಯಾಹ್ನ ಇಡ್ಲಿಗೆ ಕೈಹಾಕಿದಾಗ ಸಹೋದ್ಯೋಗಿ ದಿಟ್ಟಿಸಿ ನೋಡಿದ. ದಕ್ಷಿಣ ಕನ್ನಡದವನು, ಸಂಕೋಚದ ಮನುಷ್ಯ.

"ಮಾರಾಯ್ರೆ, ತಪ್ಪು ತಿಳ್ಕೊಬೇಡಿ. ಚರ್ಮದ ಡಾಕ್ಟ್ರಿಗೆ ತೋರಿಸಿದ್ರಾ?"

"ಇಲ್ಲ, ಅತ್ತೆ ಉಳಿಯಿಂದ ಬೋಳಿಸ್ತಾರೆ."

ಅವನು ತನ್ನ ಇಡ್ಲಿಯನ್ನು ಬೇಗ ಬೇಗ ಮುಗಿಸಿದ. ಹೊರಡುವಾಗ ನನ್ನ ಬೆನ್ನು ತಟ್ಟಿ, "ಮನೆಯಲ್ಲಿ ಏನಾದ್ರೂ ತೊಂದ್ರೆ ಇದ್ರೆ ಹೇಳಿ," ಎಂದ.

ಕೊನೆಯ ಹಂತಕ್ಕೆ ಬಹಳ ನುಣುಪಾದ ಕಲ್ಲು ಬೇಕಾಯಿತು. ಫೋರ್ಟ್‌ನ ಗಲ್ಲಿಯೊಂದರಲ್ಲಿ ಕ್ಷೌರದ ಕತ್ತಿಗೆ ಸಾಣೆ ಹಿಡಿಯುವ ಕಲ್ಲು ಮಾರುವ ಹಳೆಯ ಅಂಗಡಿಯಿದೆ ಎಂದು ನಾನೇ ಬಾಯಿಬಿಟ್ಟು ಸಿಕ್ಕಿಬಿದ್ದೆ. ಶನಿವಾರ ಬೆಳಿಗ್ಗೆ ಅತ್ತೆ ಉಳಿಯನ್ನು ಆಸ್ಪತ್ರೆಯ ಬಿಳಿ ಪಟ್ಟಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟರು. ಸ್ಟೇಷನ್ನಿನ ಮೆಟ್ಟಿಲಿನಲ್ಲಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು. "ಗದ್ದಲ ಭಾಳ ಐತಿ, ನೀವು ಕಳದು ಹೋದೀರಿ," ಎಂದರು. ಇಪ್ಪತ್ತೈದು ವರ್ಷದಿಂದ ಇದೇ ಸ್ಟೇಷನ್ನಿನಲ್ಲಿ ಹತ್ತಿಳಿಯುವವನು ನಾನು!

ಇಳಿದ ಮೇಲೆ ಹೊರಬಾಗಿಲ ತಪಾಸಣೆಯಲ್ಲಿ ಮಹಿಳಾ ಪೊಲೀಸ್ ಚೀಲ ತಡೆದಳು. ಪಟ್ಟಿ ಬಿಚ್ಚಿದರೆ ಒಳಗೆ ಥಳಥಳಿಸುವ ಆಯುಧ.

"ಆಜಿ, ಹೇ ಕಾಯ್?" ಇದೇನಜ್ಜಿ ಎಂದು ಕೇಳಿದಳು.

"ಪಟಾಶಿ," ಎಂದರು ಅತ್ತೆ. ಉಳಿಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆಂದು ದಸ್ತಗೀರ್ ಸಾಬರಿಂದ ಕಲಿತಿದ್ದರು. ಅಷ್ಟಕ್ಕೇ ನಿಲ್ಲಿಸಬಾರದೇ? "ಬೀಮಾರ್ ಹೈ," ಎಂದು ಸೇರಿಸಿದರು. ಉಳಿಗೆ ಕಾಯಿಲೆಯಂತೆ!

ಪೊಲೀಸಮ್ಮ ಉಳಿಯನ್ನೂ ಅತ್ತೆಯನ್ನೂ ಎರಡೆರಡು ಸಲ ನೋಡಿದಳು. ಅಂಚಿಗೆ ಉಗುರು ತಾಗಿಸಿದಳು, ಉಗುರಿನ ಚೂರು ಹಾರಿತು. ದನಿ ಇಳಿಸಿ, ತನ್ನ ಮನೆಯ ಈಳಿಗೆ ತಿಂಗಳಿಂದ ಬದನೆಕಾಯಿ ಕೂಡ ಹೆಚ್ಚುತ್ತಿಲ್ಲ, ತಂದುಕೊಟ್ಟರೆ ನೋಡುತ್ತೀರಾ ಎಂದು ಕೇಳಿದಳು. ಸಾಣೆಕಲ್ಲು ಅಂದೇ ಸಿಕ್ಕಿತು, ಮುಂದಿನ ಶನಿವಾರ ಈಳಿಗೆಯೂ ವಡಾಲಕ್ಕೆ ಬಂತು.

ತಿಂಗಳು ತುಂಬಿದ ಭಾನುವಾರ ಬೆಳಿಗ್ಗೆ ದಸ್ತಗೀರ್ ಸಾಬರು ಬಂದರು. ಅತ್ತೆ ಉಳಿಯನ್ನು ತಂದು ಅವರ ಅಂಗೈಯಲ್ಲಿಟ್ಟರು. ಹಿಡಿಯ ಸೀಳಿಗೆ ನೂಲು ಬಿಗಿದು, ಅಗಸಿ ಎಣ್ಣೆ ಕುಡಿಸಿ ಹೊಳಪು ತಂದಿದ್ದರು. ಹೆಬ್ಬೆರಳಿನ ತಗ್ಗನ್ನು ಮಾತ್ರ ಮುಟ್ಟಿರಲಿಲ್ಲ. ಉಳಿಯ ಬೆನ್ನಿನಲ್ಲಿ ದಸ್ತಗೀರ್ ಸಾಬರ ಗಡ್ಡ ಕಾಣುತ್ತಿತ್ತು.

ಅವರು ಚೀಲದಿಂದ ಸಾಗುವಾನಿಯ ಒಂದು ತುಂಡು ತೆಗೆದು, ನೆಲಕ್ಕೆ ಕೂತು, ಹೆಬ್ಬೆರಳನ್ನು ಆ ತಗ್ಗಿನಲ್ಲಿಟ್ಟು ಉಳಿಯನ್ನು ತಳ್ಳಿದರು. ಸದ್ದೇ ಇಲ್ಲ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಸುರುಳಿಯೊಂದು ಎದ್ದು ಮಡಿಲಿಗೆ ಬಿತ್ತು. ಅದನ್ನೆತ್ತಿ ಮೂಸಿದರು. "ಹತ್ತು ವರ್ಷ ಆಗಿತ್ರೀ ಬಾಯಾರ, ಕೈಲೆ ಮರ ತಗದು," ಎಂದರು.

ಅತ್ತೆಯ ಮುಖ ನೋಡಬೇಕಿತ್ತು. ಹೆರಿಗೆ ಮಾಡಿಸಿ ಕೂಸನ್ನು ಕೈಗೆ ಕೊಟ್ಟವರ ಹಾಗಿತ್ತು.

ಆಮೇಲೆ ದಸ್ತಗೀರ್ ಸಾಬರು ಕಿಟಕಿಗೆ ಹೋಗಿ ಉಳಿಯ ಬಾಯನ್ನು ಬೆಳಕಿಗೆ ಹಿಡಿದರು. ನನಗೂ ಹೇಳಿಕೊಟ್ಟರು: ಹರಿತವಾದ ಅಂಚು ಬೆಳಕಿನಲ್ಲಿ ಕಾಣುವುದಿಲ್ಲ, ಮೊಂಡು ಉಳಿದಿದ್ದರೆ ಅಲ್ಲಿ ಒಂದು ಬಿಳಿ ಗೆರೆ ಮಿನುಗುತ್ತದೆ.

"ಎಲ್ಲಾ ಬರೋಬರಿ ಐತ್ರೀ ಬಾಯಾರ. ಈ ತುದೀ ಮೂಲ್ಯಾಗಷ್ಟ ಜ್ವಾಳದ ಕಾಳಿನಷ್ಟು ಬಿಳಿ ಗೆರಿ ಉಳದೈತಿ, ನೋಡ್ರಿ."

ಅತ್ತೆ ಕಿಟಕಿಗೆ ಹೋದರು. ಉಳಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಓರೆ ಮಾಡಿದರು. ನನಗೆ ನಿಂತಲ್ಲಿಂದಲೇ ಆ ಗೆರೆ ಕಾಣುತ್ತಿತ್ತು.

"ಹೂಂ, ಹೌದು. ಐತಿ," ಎಂದು ಅತ್ತೆ ಬೆರಳಿಟ್ಟರು.

ಬೆರಳು ಇದ್ದದ್ದು ಇನ್ನೊಂದು ಮೂಲೆಯ ಮೇಲೆ.

ತಲೆಗೆ ಸ್ನಾನ ಮಾಡಿ ಕೂದಲು ಒರೆಸಿಕೊಳ್ಳುತ್ತಿದ್ದ ನನ್ನ ಹೆಂಡತಿ ನಿಧಾನವಾಗಿ ಹತ್ತಿರ ಬಂದಳು.

"ಅವ್ವಾ, ನನ್ನ ಕಡೆ ನೋಡು. ನನ್ನ ಹಣಿ ಮ್ಯಾಲ ಕುಂಕುಮ ಐತೋ ಇಲ್ಲೋ?"

"ಐತಲ್ಲ. ಇರದ ಏನು?"

ಅವಳು ಇನ್ನೂ ಹಚ್ಚಿಕೊಂಡಿರಲಿಲ್ಲ.

ಕೆನ್ನೆಗೆ ಪೇಪರ್ ಸವರಿದ್ದು, ಮೊಣಕೈ ಹಿಡಿದದ್ದು, ಹರಿತವನ್ನು ನನ್ನ ಕೈಮೇಲೆ ತಡವಿ ನೋಡಿದ್ದು ಒಂದೊಂದಾಗಿ ನನ್ನ ತಲೆಯಲ್ಲಿ ಸರಿದುಹೋದವು. ನಾನು ಜನರನ್ನು ಕರೆದು ಚಪ್ಪಾಳೆ ಹೊಡೆಸಿದ್ದು ಯಾವುದಕ್ಕೆ!

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎರಡು ವರ್ಷದಿಂದ. ಬೇರೆ ಯಾರಿಗೆ ಗೊತ್ತಾಗದಿದ್ದರೂ ನರ್ಸಿಗೆ ಗೊತ್ತಾಗದಿರುತ್ತದೆಯೇ?

"ಗೊತ್ತಿತ್ತವಾ," ಎಂದರು ಮಗಳಿಗೆ. "ಎಷ್ಟು ಮಂದೀ ಪೊರಿ ನೋಡೀನಿ ನಾನು. ಇವರು ಏಳೂವರಿ ಲೋಕಲ್ ಹಿಡೀತಾರ, ನೀ ಎಂಟಕ್ಕ ಹೋಗತೀ. ನನ್ನ ಕಣ್ಣು ಹಿಡಕೊಂಡು ದವಾಖಾನಿ ಯಾರು ಅಡ್ಡಾಡಬೇಕು? ಕೈಯಾಗ ಕಣ್ಣು ಅದಾವಲ್ಲ, ನಡೀತಿತ್ತು."

ಹೆಂಡತಿ ಅತ್ತಳು, ಬೈದಳು. ನಾನು ರಜೆ ಹಾಕುತ್ತೇನೆಂದೆ. ಅತ್ತೆ ಬಗ್ಗಲಿಲ್ಲ. ಈ ವಯಸ್ಸಿಗೆ ಎಷ್ಟು ಕಂಡರೆ ಸಾಕೋ ಅಷ್ಟು ಕಾಣುತ್ತದೆ ಎಂಬ ಒಂದೇ ಮಾತು. ಆಗ ದಸ್ತಗೀರ್ ಸಾಬರು ಉಳಿಯನ್ನು ಮತ್ತೆ ಆ ಹಳೆಯ ಟವೆಲಿನ ಮೇಲಿಟ್ಟು, ತಮ್ಮ ಚೀಲ ಹೆಗಲಿಗೇರಿಸಿದರು.

"ಯಾಕ ಸಾಬ್ರ, ಒಯ್ಯೂದಿಲ್ಲೇನು?"

"ಇಲ್ರೀ. ಅರ್ಧಾ ಆರಾಮಾದ ಪೇಶಂಟನ್ನ ನೀವು ಎಂದರ ಮನಿಗೆ ಕಳಿಸೀರೇನು? ಆ ಮೂಲಿ ಕಣ್ಣಿಲೆ ನೋಡಿ ಮಾಡಿಕೊಡ್ರಿ. ಅಲ್ಲೀತನಾ ನಾ ಮುಟ್ಟಂಗಿಲ್ಲ."

ಅತ್ತೆ ಅವರನ್ನೇ, ಅಂದರೆ ಅವರ ದನಿ ಬಂದ ಕಡೆಯನ್ನೇ, ಬಹಳ ಹೊತ್ತು ದುರುಗುಟ್ಟಿ ನೋಡಿದರು. "ಭಾಳ ಶ್ಯಾಣ್ಯಾ ಅದೀರಿ ನೀವು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಯಾವಾಗ ಹೋಗೂಣು?" ಎಂದು ಕೇಳಿದರು.

ಮಾಟುಂಗದ ಕಣ್ಣಿನ ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುಂಚೆ ಅತ್ತೆ ಅವಳನ್ನು ತಡೆದು, ಬ್ಲೇಡಿಗೆ ಸಾಣೆ ಹಿಡಿದು ಎಷ್ಟು ದಿನವಾಯಿತು ಎಂದು ತಮ್ಮ ಹಿಂದಿಯಲ್ಲಿ ವಿಚಾರಿಸಿದರು. "ಆಂಟಿ, ಹರ್ ಪೇಶಂಟ್ ಕೋ ನಯಾ ಬ್ಲೇಡ್. ಏಕ್ ಬಾರ್, ಫಿರ್ ಫೇಕ್ ದೇತೇ ಹೈಂ," ಎಂದು ಆಕೆ ನಕ್ಕಳು. ಅತ್ತೆಗೆ ಆಪರೇಷನ್ನಿನ ಭಯವೆಲ್ಲ ಮರೆತುಹೋಗಿ ಸಂಕಟವಾಯಿತು. "ಒಂದs ಸಲಾ ಹಚ್ಚಿ ಒಗೀತಾರಂತ! ಮನಿಗೆ ಕೊಡತಾರೇನು ಕೇಳ್ರಿ." ನಾನು ಕೇಳಲಿಲ್ಲ.

ಉಳಿಯ ಕಥೆ ಇಲ್ಲಿಗೇ ಮುಗಿಸಿಬಿಡುತ್ತೇನೆ. ಎರಡೂ ಕಣ್ಣು ಆದ ಮೇಲೆ, ಡಾಕ್ಟರು ಒಪ್ಪಿಗೆ ಕೊಟ್ಟ ದಿನವೇ, ಅತ್ತೆ ಕಿಟಕಿಯ ಹತ್ತಿರ ಕೂತು ಆ ಮೂಲೆಯನ್ನು ಹತ್ತು ನಿಮಿಷದಲ್ಲಿ ಮುಗಿಸಿದರು. ದಸ್ತಗೀರ್ ಸಾಬರು ಬಂದು ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿ, ಉಳಿಯನ್ನು ತಮ್ಮ ಟವೆಲಿನಲ್ಲಿ ಸುತ್ತಿ ಒಯ್ದರು. ಈಗ ಬಾಗಿಲಿಗೆ ಕೀಲು ಕೂರಿಸುವ ಜಾಗವನ್ನು ಮಶೀನು ಬಿಟ್ಟು ಅದರಲ್ಲೇ ತೋಡುತ್ತಾರಂತೆ.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ.

ಹೆಂಡತಿ ಕೆಳಗೆ ಔಷಧದ ಅಂಗಡಿಗೆ ಹೋಗಿದ್ದಳು. ಅತ್ತೆಯ ಪಕ್ಕ ನಾನೊಬ್ಬನೇ. ನರ್ಸ್ ಪಟ್ಟಿ ತೆಗೆದು, ಕಣ್ಣು ಒರೆಸಿ, ನಿಧಾನಕ್ಕೆ ಬಿಡಿ ಎಂದು ಹೇಳಿ ಹೋದಳು. ಅತ್ತೆ ಕಣ್ಣು ಪಿಳುಕಿಸಿದರು. ಎದುರು ಗೋಡೆಯ ಕ್ಯಾಲೆಂಡರ್ ನೋಡಿದರು. ತಮ್ಮ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ, ಚರ್ಮ ಇಷ್ಟು ಸುಕ್ಕಾಯಿತೇ ಎನ್ನುವವರ ಹಾಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನೋಡುತ್ತಲೇ ಇದ್ದರು. ನಾನು ನಗಲು ಹೋದೆ, ಅವರು ನಗಲಿಲ್ಲ.

"ಅಳಿಯಾರ, ನಿಮ್ಮ ತಲಿ ಯಾವಾಗ ಇಷ್ಟು ಬೆಳ್ಳಗಾತು?"

"ಒಂದೆರಡು ವರ್ಷ ಆತು ಅತ್ತೀ."

"ನನಗ ಕಂಡೇ ಇಲ್ಲ. ನನ್ನ ಕಣ್ಣಾಗ ನೀವಿನ್ನೂ ಲಗ್ನದಾಗಿನ ಹುಡುಗನ್ಹಂಗs ಇದ್ರಿ."

ಅತ್ತೆ ಮಂಚದಿಂದ ಸ್ವಲ್ಪ ಮುಂದೆ ಬಾಗಿ, ನನ್ನ ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ, ನನ್ನ ತಲೆಯ ಮೇಲೆ ಕೈಯಿಟ್ಟರು. ನನ್ನ ಕಣ್ಣಿನ ಕೆಳಗಿನ ಕಪ್ಪನ್ನು, ಹಣೆಯ ಗೆರೆಗಳನ್ನು ಒಂದೊಂದಾಗಿ ನೋಡಿದರು. ವಾರ್ಡಿನಲ್ಲಿ ಹೊಸದಾಗಿ ಬಂದವರನ್ನು ಅವರು ಹೀಗೇ ನೋಡುತ್ತಿದ್ದಿರಬೇಕು.

"ಇಷ್ಟು ದಣದೀ," ಎಂದರು. "ಯಾರೂ ನೋಡಲಿಲ್ಲೇನಪಾ ನಿನ್ನ?"

ಹೆಂಡತಿ ಔಷಧದ ಚೀಲ ಹಿಡಿದು ಬಂದು, "ಅವ್ವಾ, ಕಾಣಾಕತ್ತೇತೇನು?" ಎಂದು ಕೇಳಿದಳು. ಅತ್ತೆ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ನಾನು ಬಾಗಿ ಮಂಚದ ಕೆಳಗೆ ಅವರ ಚಪ್ಪಲಿ ಹುಡುಕತೊಡಗಿದೆ.